ನಿಶ್ಚಿಂತಪುರದ ಒಮ್ಮತದ ಯಂತ್ರಗಳು

ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ ನಿಶ್ಚಿಂತಪುರ ಎಂಬ ರಾಜ್ಯವೊಂದಿತ್ತು. ಅಲ್ಲೊಂದು ದೊಡ್ಡ ಜಲಾಶಯ. ಅದರ ಕಟ್ಟೆಯ ಕೆಳಗೆ, ಬಟ್ಟೆಗೆ ಬಣ್ಣ ಹಾಕುವವರ ಕೆಳಪೇಟೆ. ನೀರು ಹೆಚ್ಚಿದಾಗ ಕಟ್ಟೆಯ ಗೇಟು ತೆರೆಯುವ ಕೆಲಸ ಯಂತ್ರಗಳದ್ದು. ಹಿಂದಿನ ಮಹಾರಾಜರು ಸಂಶಯದ ಪ್ರಾಣಿ. ಒಂದೇ ಯಂತ್ರವನ್ನು ನಂಬದೆ ಮೂರನ್ನು ಇರಿಸಿದ್ದರು. ಮೂರನ್ನೂ ಬೇರೆ ಬೇರೆ ಕಾರ್ಖಾನೆಯವರು ಕಟ್ಟಿದ್ದರು, ಮೂರರ ಸಾಫ್ಟ್‌ವೇರನ್ನೂ ಬೇರೆ ಬೇರೆ ಪಂಡಿತರು ಬರೆದಿದ್ದರು. ಒಂದರ ಲೆಕ್ಕ ಇನ್ನೊಂದಕ್ಕೆ ಕಾಣದ ಹಾಗೆ ನಡುವೆ ಗೋಡೆ. ನೀರು ಹೆಚ್ಚಿದೆಯೆಂದು ಎರಡು ಯಂತ್ರ ಒಪ್ಪಿದರೆ ಗೇಟು ತೆರೆಯುತ್ತಿತ್ತು, ಒಂದೇ ಒಂದು ಬೇರೆ ಮಾತು ಹೇಳಿದರೂ ಗಂಟೆ ಹೊಡೆಯುತ್ತಿತ್ತು.

ಗಂಟೆ ಕೇಳಿದ ಕೂಡಲೇ ಕೆಳಪೇಟೆಯವರು ಬಣ್ಣದ ಬಾನಿಗಳನ್ನು ಇದ್ದಲ್ಲೇ ಬಿಟ್ಟು, ಮಕ್ಕಳು ಮುದುಕರನ್ನು ಎತ್ತಿಕೊಂಡು ಗುಡ್ಡ ಹತ್ತುತ್ತಿದ್ದರು. ಎಷ್ಟೋ ಸಲ ಏನೂ ಆಗದೆ ಗೊಣಗುತ್ತಾ ಇಳಿದು ಬರುತ್ತಿದ್ದರು. ಗೊಣಗಲು ಜೀವ ಉಳಿದಿರುತ್ತಿತ್ತು ಎನ್ನುವುದೇ ಆ ವ್ಯವಸ್ಥೆಯ ಹೆಚ್ಚುಗಾರಿಕೆ.

ಆಮೇಲೆ ಪಟ್ಟಕ್ಕೆ ಬಂದವರು ಶ್ರೀಮನ್ಮಹಾರಾಜ ಅವಿಚಲವರ್ಮರು. ರಾಜ್ಯದ ಸ್ಥಿರತೆಯನ್ನು ಕುರಿತು ಅವರು ಭಾಷಣ ಮಾಡುತ್ತಿದ್ದಾಗಲೇ ಗಂಟೆ ಹೊಡೆಯಿತು. ಸಭೆ ಅರ್ಧ ಖಾಲಿಯಾಯಿತು.

"ಏನದು ಸದ್ದು?"

ಯಂತ್ರಾಮಾತ್ಯ ಸೂಕ್ಷ್ಮಸೇನರು ನೆಲ ಮುಟ್ಟುವಷ್ಟು ಬಾಗಿದರು. "ಮಹಾಪ್ರಭು, ಮೂರನೆಯ ಯಂತ್ರವು ಉಳಿದೆರಡನ್ನು ಒಪ್ಪುತ್ತಿಲ್ಲವಂತೆ."

"ನಮ್ಮ ರಾಜ್ಯದಲ್ಲಿ ಒಪ್ಪದಿರುವುದು ಎಂದರೇನು?"

"ಆ ಪದ ನನಗೂ ಹೊಸದು, ಪ್ರಭು."

ಸೂಕ್ಷ್ಮಸೇನರು ದಡ್ಡರಲ್ಲ. ದಡ್ಡರಾಗಿದ್ದರೆ ಇಷ್ಟು ಕೇಡು ಅವರ ಕೈಯಿಂದ ಆಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ 'ಸೌಹಾರ್ದ ಅಪ್‌ಡೇಟ್' ಎಂಬ ರಾಜಾಜ್ಞೆ ಹೊರಟಿತು. ನಡುವಿನ ಗೋಡೆಗಳನ್ನು ಕೆಡವಲಾಯಿತು. ಎರಡನೆಯ ಯಂತ್ರವು ಉತ್ತರ ಹೇಳುವ ಮುನ್ನ ಮೊದಲನೆಯದರ ಉತ್ತರವನ್ನು ನೋಡತಕ್ಕದ್ದು. ಮೂರನೆಯದು ಎರಡನೆಯದನ್ನು ನೋಡತಕ್ಕದ್ದು. ನೋಡಿದ ಮೇಲೆ ಬೇರೆ ಹೇಳತಕ್ಕದ್ದಲ್ಲ. ಗಂಟೆ ಹೊಡೆಯದೆ ಕೆಲಸ ಬಿಟ್ಟು ಗುಡ್ಡ ಹತ್ತಿದ ಪ್ರಜೆಗಳು ಶಿಕ್ಷಾರ್ಹರು. ಅಂದಿನಿಂದ ಗಂಟೆ ತೆಪ್ಪಗಾಯಿತು. ಸಿಸ್ಟಮ್ ಈಗ ನೂರಕ್ಕೆ ನೂರು ವಿಶ್ವಾಸಾರ್ಹ ಎಂದು ಆಸ್ಥಾನ ತೀರ್ಮಾನಿಸಿತು.

ಮಹಾರಾಜರಿಗೆ ಹುರುಪು ಬಂತು. "ಮೊದಲನೆಯ ಯಂತ್ರಕ್ಕೆ ನೀರಿನ ಮಟ್ಟ ತಿಳಿಸುವವರು ಯಾರು?"

"ಜಲಾಶಯದಲ್ಲಿ ತೇಲುವ ಒಂದು ತಾಮ್ರದ ಚೆಂಡು, ಪ್ರಭು."

"ಅಷ್ಟು ದೂರದಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ? ಅದು ನಮ್ಮ ಕಣ್ಣೆದುರಿಗಿರಲಿ."

ಚೆಂಡನ್ನು ವಾದ್ಯಸಮೇತ ಮೆರವಣಿಗೆಯಲ್ಲಿ ತಂದು ಅರಮನೆಯ ತಾವರೆಕೊಳದಲ್ಲಿ ತೇಲಿಬಿಟ್ಟರು. ಜಲಾಶಯದ ಕಾಲುವೆಯಿಂದ ತುಂಬುವ ಆ ಕೊಳದಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ನೀರು, ಮಳೆಗಾಲದಲ್ಲೂ ಮೊಣಕಾಲುದ್ದ ನೀರು. ಯಂತ್ರಗಳ ಅಳತೆ ಅಷ್ಟು ಸ್ಥಿರವಾಗಿ ಹಿಂದೆಂದೂ ಇದ್ದದ್ದಿಲ್ಲ. ಡ್ಯಾಶ್‌ಬೋರ್ಡಿನ ತುಂಬ ಹಸಿರು ದೀಪ.

ಆ ವರ್ಷ ಮಳೆ ಜೋರಾಯಿತು. ಕೆಳಪೇಟೆಯ ಹೊನ್ನಾಜಮ್ಮ ಎಂಬ ಹೆಂಗಸು ಒದ್ದೆ ಸೀರೆಯಲ್ಲೇ ಆಸ್ಥಾನಕ್ಕೆ ಬಂದು ಕೈಮುಗಿದಳು.

"ಬುದ್ಧಿ, ನೀರು ಕಟ್ಟೆ ತುದಿಗೆ ಬಂದದೆ. ಗೇಟು ತೆಗೀಲಿಲ್ಲ, ಗಂಟೇನೂ ಹೊಡೀಲಿಲ್ಲ. ನನ್ನ ಸೊಸೆ ಚಿಕ್ಕತಾಯಿ ಹಸಿ ಬಾಣಂತಿ, ಎದ್ದು ನಿಲ್ಲಕ್ಕೂ ಆಗಾಕಿಲ್ಲ. ಗಂಟೆ ಹೊಡೀದೆ ಗಂಡಸ್ರು ಕೆಲ್ಸ ಬಿಟ್ಟು ಬರಾಕಿಲ್ಲ, ನಿಮ್ಮ ಭಯಕ್ಕೆ. ಗಂಟೆ ಒಂದು ಹೊಡೆಸಿ ಬುದ್ಧಿ, ಅವ್ಳನ್ನ ಹೊತ್ಕೊಂಡೋಯ್ತಾರೆ."

ಸೂಕ್ಷ್ಮಸೇನರು ನಕ್ಕರು. "ಮೂರು ಯಂತ್ರಗಳು ಒಮ್ಮತದಿಂದ ಮೊಣಕಾಲುದ್ದ ಎನ್ನುತ್ತಿವೆ. ನೀನು ಯಾವ ಯಂತ್ರ?"

"ನಾನೆಲ್ಲಿ ಯಂತ್ರ ಬುದ್ಧಿ? ಕಣ್ಣಾರೆ ಕಂಡು ಬಂದೆ."

"ಆ ಕಣ್ಣಿಗೆ ಸರ್ಟಿಫಿಕೇಟ್ ಇದೆಯೇ?"

ಇರಲಿಲ್ಲ. ಆದರೂ ಮಹಾರಾಜರು ದಯಾಳುಗಳು, ಇನ್ನೊಮ್ಮೆ ಪರೀಕ್ಷಿಸಲು ಅಪ್ಪಣೆ ಕೊಟ್ಟರು. ಯಂತ್ರಗಳನ್ನು ಒಂದೊಂದಾಗಿ ಕೇಳಲಾಯಿತು. ಮೊಣಕಾಲುದ್ದ. ಮೊಣಕಾಲುದ್ದ. ಮೊಣಕಾಲುದ್ದ. "ನೋಡಿದೆಯಾ ತಾಯಿ, ಬೇರೆ ಯಾವ ರಾಜ್ಯದಲ್ಲಿ ಇಷ್ಟು ಕೂಲಂಕಷವಾಗಿ ವಿಚಾರಿಸುತ್ತಾರೆ?" ಎಂದರು ಮಹಾರಾಜರು.

ಚೆಂಡು ಎಲ್ಲಿದೆ ಎಂಬುದು ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಿಟಕಿಯಾಚೆ ಎದುರಿಗೇ ತೇಲುತ್ತಿತ್ತು. ಒಬ್ಬನಾದರೂ ಬಾಯಿ ಬಿಟ್ಟನೇ? ಶಾಲು ಹೊದ್ದು ಕೂತಿದ್ದ ಆ ಮಹನೀಯರನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಹೊನ್ನಾಜಮ್ಮ ಮನೆಗೆ ಓಡಿದಳು. ಸೊಸೆಯನ್ನು ಎತ್ತಲು ನೋಡಿದಳು, ಒಬ್ಬಳಿಂದ ಆಗಲಿಲ್ಲ.

"ನೀನು ಮೊದ್ಲು ಮಗೀನ ಎತ್ಕೊಂಡೋಗು, ಅತ್ತೆ," ಎಂದಳು ಚಿಕ್ಕತಾಯಿ. "ನಾ ಗೋಡೆ ಹಿಡ್ಕೊಂಡು ನಿಧಾನಕ್ಕೆ ಬತ್ತೀನಿ."

ಹೊನ್ನಾಜಮ್ಮ ಮಗುವನ್ನು ಎದೆಗೆ ಅವುಚಿಕೊಂಡು ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಕಟ್ಟೆ ಒಡೆಯಿತು. ನಡುಮಧ್ಯಾಹ್ನ, ಊರವರೆಲ್ಲ ಕಾನೂನಿಗೆ ತಲೆಬಾಗಿ ಬಾನಿಗಳ ಮುಂದೆ ನಿಂತಿದ್ದ ಹೊತ್ತು. ಕಾನೂನು ಮುರಿದ ಕೆಲವರು ಮಾತ್ರ ಉಳಿದರು. ಚಿಕ್ಕತಾಯಿ ಉಳಿಯಲಿಲ್ಲ.

ಉನ್ನತ ಮಟ್ಟದ ತನಿಖೆ ನಡೆಯಿತು. ಆ ದಿನ ವಿಶೇಷವೇನೂ ಸಂಭವಿಸಿಲ್ಲವೆಂದು ಮೂರೂ ಯಂತ್ರಗಳು ಒಕ್ಕೊರಲಿನಿಂದ ಹೇಳಿಕೆ ಕೊಟ್ಟವು. ಕಟ್ಟೆ ಒಡೆಯುವಾಗ ಕೂಡ ಅವುಗಳಲ್ಲಿ ಒಂದೂ ಹ್ಯಾಂಗ್ ಆಗಿರಲಿಲ್ಲ. ಇಂಥ ಸಾಧನೆಗೆ ಸನ್ಮಾನವಾಗದಿದ್ದರೆ ಹೇಗೆ? ಯಂತ್ರಗಳಿಗೆ ಚಿನ್ನದ ಕಿರೀಟ, ಸೂಕ್ಷ್ಮಸೇನರಿಗೆ 'ವಿಶ್ವಾಸಾರ್ಹತಾ ಸಾರ್ವಭೌಮ' ಎಂಬ ಬಿರುದು ನಿಗದಿಯಾಯಿತು.

ಮಳೆ ನಿಂತಿತು, ಸಮಾರಂಭದ ದಿನ ಬಂತು. ಅಷ್ಟರಲ್ಲಿ ಅನಾಹುತವೊಂದು ತಲೆದೋರಿತು. ಜಲಾಶಯವೇ ಇಲ್ಲದ ಮೇಲೆ ಕೊಳದ ಕಾಲುವೆಗೆ ನೀರೆಲ್ಲಿಂದ ಬರಬೇಕು? ಕೊಳ ಬತ್ತುತ್ತಾ ಚೆಂಡು ಕೆಳಗಿಳಿಯಿತು, ಹಸಿರು ದೀಪ ಹಳದಿಗೆ ತಿರುಗಿತು. ಆಸ್ಥಾನ ಗಡಗಡ ನಡುಗಿತು. ನಿಶ್ಚಿಂತಪುರದಲ್ಲಿ ಮೊದಲ ಬಾರಿಗೆ ತುರ್ತುಪರಿಸ್ಥಿತಿ ಘೋಷಣೆಯಾಯಿತು.

"ಗಂಟೆಯಿಲ್ಲದೆ ಗುಡ್ಡ ಹತ್ತಿದ ಅಪರಾಧಿಗಳಿದ್ದಾರಲ್ಲ ಪ್ರಭು," ಎಂದರು ಸೂಕ್ಷ್ಮಸೇನರು. "ಹೊಳೆಯಿಂದ ನೀರು ಹೊತ್ತು ಕೊಳ ತುಂಬಿಸಲಿ. ಇಂದು ಮಾತ್ರವಲ್ಲ, ಶಾಶ್ವತವಾಗಿ. ಶಿಕ್ಷೆಯೂ ಆಯಿತು, ಮೆಂಟೆನೆನ್ಸೂ ಆಯಿತು."

ಕೆಳಪೇಟೆಯ ಸಾಲು ಕೊಡ ಹೊತ್ತು ಬಂತು. ಹೊನ್ನಾಜಮ್ಮನ ಬೆನ್ನಿಗೆ ಕಟ್ಟಿದ್ದ ಮಗು ಹಾಲಿಗಾಗಿ ಕಿರುಚುತ್ತಿತ್ತು. ಕೊಳದ ಮೆಟ್ಟಿಲ ಮೇಲೆ ಬಗ್ಗಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ವಿಶ್ವಾಸಾರ್ಹತಾ ಸಾರ್ವಭೌಮರು ಗಾಬರಿಯಿಂದ ಓಡಿ ಬಂದರು. "ಏಯ್, ಇಲ್ಲಿ ಅಳಬೇಡ. ಕಣ್ಣೀರು ಉಪ್ಪು, ಚೆಂಡು ಕಿಲುಬು ಹಿಡಿಯುತ್ತದೆ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಕೊಡ ಬಗ್ಗಿಸಿದಳು. ದೀಪ ಹಸಿರಾಯಿತು. ಆಸ್ಥಾನ ಎದ್ದು ನಿಂತು ಚಪ್ಪಾಳೆ ತಟ್ಟಿತು.