ಕಾಳಪ್ಪನವರು ಗಾಡಿ ನೋಡಲು ಬಂದದ್ದು

ಭಾನುವಾರ ಬೆಳಿಗ್ಗೆ ಏಳಕ್ಕೆ ಚಲುವಯ್ಯನ ಫೋನು ಬಂದಾಗ ಸುಶಮೀಂದ್ರ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ದಿನದ ಅವಾಂತರಕ್ಕೆಲ್ಲ ಅದೇ ಮೂಲ.

ಚಲುವಯ್ಯ ಹಳೇ ಗಾಡಿಗಳ ದಲ್ಲಾಳಿ. "ಐನೋರೆ, ನಿಮ್ ಕಾರ್ಗೆ ಗಿರಾಕಿ ಸಿಕ್ಬುಟ್ಟದೆ. ಹೊಣಕೆರೆ ಕಾಳಪ್ಪೋರು ಅಂತ. ಅನ್ನೊಂದ್ ಗಂಟ್ಗೆ ಬತ್ತಾವ್ರೆ. ಒಪ್ಗೆ ಆದ್ರೆ ಇವತ್ತೇ ತಗೊಂಡೋಯ್ತಾರಂತೆ," ಎಂದ.

"ಬರಲಿ, ಬರಲಿ!" ಎಂದು ಸುಶಮೀಂದ್ರ ಫೋನು ಇಟ್ಟ. ಕಾರು ಅವರಿಗೆ ಯಾತಕ್ಕೆ ಎಂದು ಕೇಳುವುದು ಅವನಿಗೆ ಹೊಳೆಯಲೇ ಇಲ್ಲ.

ಸುಶಮೀಂದ್ರ ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆಯಿದ್ದ ಒಬ್ಬ ಗುಮಾಸ್ತ. ಕಾರು ಅವನಿಗಿಂತ ಹತ್ತು ವರ್ಷ ಚಿಕ್ಕದು, ನೋಡಿದರೆ ಅಣ್ಣನ ಹಾಗಿತ್ತು. ಅದನ್ನು ಸ್ಟಾರ್ಟ್ ಮಾಡುವುದೆಂದರೆ ಮುನಿಸಿಕೊಂಡ ಬೀಗರನ್ನು ಎಲೆ ಮುಂದೆ ಕೂರಿಸಿದ ಹಾಗೆ. ಚೋಕ್ ಎಳೆಯಬೇಕು, ಆದರೆ ಪೂರ್ತಿ ಎಳೆಯಬಾರದು. ಆಕ್ಸಿಲರೇಟರ್ ಎರಡು ಸಲ ಒತ್ತಬೇಕು, ಮೂರನೇ ಸಲ ಒತ್ತಿದರೆ ಪೆಟ್ರೋಲ್ ಕಂಠಪೂರ್ತಿ ಕುಡಿದು ಮಲಗಿಬಿಡುತ್ತದೆ. ಹನ್ನೊಂದು ವರ್ಷ ಹೀಗೆ ಓಲೈಸಿ ಓಲೈಸಿ ಅವನು ದಣಿದಿದ್ದ.

ಒಂಬತ್ತು ದಿನದ ಹಿಂದೆ ಕಾರು ಕರಿಘಟ್ಟದ ದಾರಿಯಲ್ಲಿ ನಿಂತಿತು. ರೇಷ್ಮೆ ಸೀರೆಯುಟ್ಟ ಹೆಂಡತಿ ಪದ್ಮ ಹಿಂದಿನಿಂದ ತಳ್ಳಿದಳು. ಅವಳು ತಳ್ಳುವುದನ್ನು ಓರಗಿತ್ತಿ ಮೊಬೈಲಿನಲ್ಲಿ ಹಿಡಿದು ನೆಂಟರ ಗ್ರೂಪಿಗೆಲ್ಲ ಹಾಕಿದಳು. ಮಾರನೇ ದಿನವೇ ಪದ್ಮ ಗೋವಿಂದನಹಳ್ಳಿಯ ತವರಿಗೆ ಹೊರಟಳು. "ಆ ಕಾರು ಮನೆ ಮುಂದಿನಿಂದ ಹೋದ ದಿನ ಹೇಳಿ, ಬರ್ತೀನಿ," ಎಂದಿದ್ದಳು. ಆಡಿದ ಮಾತು ತಪ್ಪುವವಳಲ್ಲ. ಅವಳಿಲ್ಲದ ಮನೆ ಸುಶಮೀಂದ್ರನಿಗೆ ನಿಜಕ್ಕೂ ಬಿಕೋ ಅನ್ನುತ್ತಿತ್ತು.

ಎಂಟಕ್ಕೇ ಅವನು ಬಾಗಿಲು ತೆಗೆದು ಕಾರಿನಲ್ಲಿ ಕೂತ. ಮಾಗಿಯ ಚಳಿ. ಕೀ ತಿರುಗಿಸಿದ. ಗರ್ ಗರ್ ಎಂದಿತು, ಏಳಲಿಲ್ಲ.

ಪಕ್ಕದ ಮನೆಯ ಶಾಮಣ್ಣ ಹಲ್ಲುಜ್ಜುತ್ತಲೇ ಬಂದರು. ರಿಟೈರಾದ ಮೇಷ್ಟ್ರು. ಜೀವನದಲ್ಲಿ ಒಮ್ಮೆಯೂ ಕಾರು ಓಡಿಸಿದವರಲ್ಲ. "ಇನ್ನೂ ಒತ್ತು ಸುಶಮೀಂದ್ರ, ಧೈರ್ಯವಾಗಿ ಒತ್ತು!" ಎಂದರು. ಅವನು ಮೂರು, ನಾಲ್ಕು, ಹತ್ತು ಸಲ ಒತ್ತಿದ. ಬೀದಿಗೆಲ್ಲ ಪೆಟ್ರೋಲ್ ವಾಸನೆ ಹಬ್ಬಿತು.

ಎದುರುಮನೆಯ ಪುಟ್ಟತಾಯಮ್ಮ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದರು. "ಚಳಿಗೆ ಮರಗಟ್ಟದೆ ಐನೋರೆ. ನಮ್ಮನೆ ಮುದ್ಕನೂ ಬಿಸ್ನೀರ್ ಬೀಳೋಗಂಟ ಏಳಕಿಲ್ಲ," ಎಂದು, ಬೇಡ ಬೇಡ ಎನ್ನುವಷ್ಟರಲ್ಲಿ ಇಂಜಿನ್ನಿನ ಮೇಲೆ ಸುರಿದೇಬಿಟ್ಟರು. ಆಮೇಲೆ ಗರ್ ಅನ್ನುವುದೂ ನಿಂತಿತು.

ಕೊನೆಗೆ ದ್ಯಾವಯ್ಯನನ್ನು ಕರೆಸಬೇಕಾಯಿತು. ಮೂವತ್ತು ವರ್ಷ ಟ್ರಾಕ್ಟರು ಓಡಿಸಿದವನು. ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಯಾರ್ರೀ ಇದ್ಕೆ ಅಭ್ಯಂಜ್ನ ಮಾಡ್ಸಿರೋರು? ಪ್ಲಗ್ಗೆಲ್ಲ ನೆಂದ್ ತೊಪ್ಪೆ ಆಗವೆ. ವಸಿ ಒಲೆ ಅಚ್ಚಿ."

ಒರೆಸಿ ತಂದ ನಾಲ್ಕು ಪ್ಲಗ್ಗುಗಳು ಪದ್ಮಳ ದೋಸೆ ಹಂಚಿನ ಮೇಲೆ ಬೆಂದವು. ದ್ಯಾವಯ್ಯ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಜೆಟ್ಟನ್ನು ಬಾಯಲ್ಲಿ ಊದಿ, ಕಸ ತೆಗೆದು, ಕ್ಯಾಕರಿಸಿ ಉಗಿದ. ಅಷ್ಟರಲ್ಲಿ ಹನ್ನೊಂದು ಹೊಡೆಯಿತು.

ಕಾಳಪ್ಪ ಖಾಲಿ ಟೆಂಪೊ ಒಂದರಲ್ಲಿ ಬಂದಿಳಿದರು. ಅರವತ್ತರ ಹತ್ತಿರದ ಮನುಷ್ಯ, ಸುಟ್ಟ ಕಲೆಗಳ ಕೈ, ಜೇಬಿನಲ್ಲಿ ಅಳತೆ ಟೇಪು. ಬಿಚ್ಚಿದ್ದ ಇಂಜಿನ್ನು ನೋಡಿ ಅವರ ಮುಖ ಅರಳಿತು. ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಉದ್ದಗಲ ಅಳೆದು, ತಲೆಯಾಡಿಸಿದರು.

"ಎಷ್ಟು ದಿವ್ಸಾಯ್ತು ಸ್ವಾಮಿ ಕೆಟ್ಟು?"

ಸುಶಮೀಂದ್ರ ಕಾರಿಗೆ ಅಡ್ಡ ಬಂದು ನಿಂತ. "ಕೆಟ್ಟಿಲ್ಲ, ಕೆಟ್ಟಿಲ್ಲ! ಬೆಳಗಿನ ಚಳಿಗೆ ಸ್ವಲ್ಪ ಮೊಂಡು ಮಾಡ್ತಿದೆ ಅಷ್ಟೆ."

"ಇರ್ಲಿ ಬುಡಿ, ಅದ್ಕೇನಂತೆ. ಇಂಗೇ ಕೊಡಿ, ಟೆಂಪೊಗೆ ಏರುಸ್ಕತ್ತೀನಿ. ಸ್ಟಾರ್ಟ್ ಗೀರ್ಟ್ ಏನೂ ಬ್ಯಾಡಿ."

ಸುಶಮೀಂದ್ರನಿಗೆ ಇದು ಚುಚ್ಚುಮಾತಿನ ಹಾಗೆ ಕೇಳಿಸಿತು. ಶಾಮಣ್ಣ ಅವನನ್ನು ಪಕ್ಕಕ್ಕೆಳೆದು, "ಕೆಟ್ಟದ್ದು ಅಂತ ಬೆಲೆ ಇಳಿಸೋ ಹುನ್ನಾರ ಇದು. ಓಡಿಸಿ ತೋರಿಸು," ಎಂದು ಕಿವಿಯಲ್ಲಿ ಊದಿದರು.

ಅವನು ಎದೆಯುಬ್ಬಿಸಿ, "ಕಾಳಪ್ಪನವರೇ, ಮೋಸ ಮಾಡಿ ಮಾರೋ ಮನೆತನ ನಮ್ಮದಲ್ಲ. ಓಡಿಸಿ ತೋರಿಸಿಯೇ ಕೊಡೋದು. ಕೂತ್ಕೊಳ್ಳಿ," ಎಂದ.

"ಬ್ಯಾಡಿ ಸ್ವಾಮಿ, ನನ್ ಮಾತ್ ಕೇಳಿ..."

"ನೀವು ಸುಮ್ನಿರಿ!" ಎಂದು ಬೀದಿಯೇ ಒಟ್ಟಾಗಿ ಗದರಿತು. ಪುಟ್ಟತಾಯಮ್ಮ ಅವರನ್ನು ಜಗಲಿ ಮೇಲೆ ಕೂರಿಸಿ ಕೈಗೆ ಕಾಫಿ ಕೊಟ್ಟರು.

ಪ್ಲಗ್ಗು ಕೂರಿಸಿ, ಕಾರನ್ನು ಬೀದಿಗಿಳಿಸಿ, ಎಲ್ಲರೂ ತಳ್ಳಿದರು. ಇಳಿಜಾರಿನ ತುದಿ ಮುಟ್ಟಿದರೂ ಅದು ಏಳಲಿಲ್ಲ. ಹಿಂದಕ್ಕೆ ನೂಕಿಕೊಂಡು ಬಂದು ಮತ್ತೆ ತಳ್ಳಿದರು. ಸುಶಮೀಂದ್ರನ ಪಂಚೆ ಬಾಗಿಲಿಗೆ ಸಿಕ್ಕಿ ಹರಿಯಿತು. ಶಾಮಣ್ಣನವರ ಚಪ್ಪಲಿ ಕಿತ್ತುಹೋಯಿತು. ಮೂರನೇ ಸಲ ದ್ಯಾವಯ್ಯ "ಈಗ್ ಬುಡಿ ಕ್ಲಚ್ಚಾ!" ಎಂದು ಕೂಗಿದ. ಕಾರು ಒಮ್ಮೆ ಜಿಗಿದು, ಕರೀ ಹೊಗೆ ಕಾರಿ, ಕೋಟೆಯೇ ಬಿರಿಯುವಂತೆ ಗುಡುಗಿತು. ಸುಶಮೀಂದ್ರ ಊರೊಳಗೆ ಎರಡು ಸುತ್ತು ಹೊಡೆದು, ಮನೆ ಮುಂದೆ ತಂದು ನಿಲ್ಲಿಸಿ, ರಾಜನ ಹಾಗೆ ಇಳಿದ.

ಕಾಳಪ್ಪ ಎದ್ದು ಬಂದು ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಮುಖ ಬಾಡಿತ್ತು.

"ಕೆಲ್ಸ ಕೆಡುಸ್ಬುಟ್ರಲ್ಲ ಸ್ವಾಮಿ."

"ಯಾಕೆ? ಓಡ್ತಿದೆಯಲ್ಲ!"

"ಅದ್ಕೇಯ. ಓಟ್ಲವ್ರೊಬ್ರು ಅಳೇ ಕಾರಿನ ಮುಂದ್ಲರ್ಧ ಕುಯ್ದು ಗೋಡೆಗೆ ಕೂರ್ಸ್ಕೊಡು ಅಂದವ್ರೆ. ಜನ ಪೋಟ ತೆಗ್ಸ್ಕತ್ತಾರಂತೆ. ಕೆಟ್ಟು ನಿಂತಿರದು ಅಂತ ಆಸೆಯಿಂದ ಬಂದೆ."

"ಕುಯ್ಯಿರಿ! ಯಾರು ಬೇಡ ಅಂದ್ರು?"

"ಆಗಕಿಲ್ಲ. ನಾವು ಕುಲುಮೆ ಕೆಲ್ಸದೋರು. ಆಯುಧಪೂಜೆ ದಿವ್ಸ ಅರಿಸ್ನ ಕುಂಕ್ಮ ಮಡುಗೋ ಕೈಲಿ ಉಸ್ರಾಡೋ ಯಂತ್ರವ ಕುಯ್ಯೋದುಂಟಾ? ನಮ್ಮಪ್ಪ ಕುಲುಮೆ ಮುಂದೆ ಆಣೆ ಮಾಡ್ಸವ್ನೆ. ಅದ್ಕೇ ಸ್ಟಾರ್ಟ್ ಮಾಡ್ಬ್ಯಾಡಿ ಅಂತ ಬಡ್ಕಂಡೆ. ನಾನ್ ನೋಡದೆ ಇದ್ದಿದ್ರೆ ಆಗೋಗದು."

ಸುಶಮೀಂದ್ರ ಓಡಿಹೋಗಿ ಕೀ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದ. "ನೋಡಿ, ಮುಗೀತು! ತಗೊಂಡು ಹೋಗಿ!"

ಆದರೆ ಕಾದ ಹಳೇ ಇಂಜಿನ್ನು ಕೀ ತೆಗೆದರೂ ಒಮ್ಮೆಗೇ ನಿಲ್ಲುವುದಿಲ್ಲ. ಗುಡುಕ್, ಗುಡುಕ್ ಎಂದು ಅದು ತನ್ನ ಪಾಡಿಗೆ ನಡುಗುತ್ತಲೇ ಇತ್ತು.

"ಕಂಡ್ರಾ? ಕೀ ಕಿತ್ರೂ ಜೀವ ಬುಡ್ತಿಲ್ಲ. ಇದ್ಕೆ ನಾನು ಕಟ್ಟರ್ ಇಡ್ಲಾ?" ಎಂದು ಕಾಳಪ್ಪ ಕಾರಿಗೂ ಅವನಿಗೂ ಒಟ್ಟಿಗೇ ಕೈಮುಗಿದು ಟೆಂಪೊ ಹತ್ತಿದರು.

ಟೆಂಪೊ ಬೀದಿಯ ಮೂಲೆ ತಿರುಗಿತು. ಕಾರು ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಎಷ್ಟು ತಿರುಗಿಸಿದರೂ ಏಳಲಿಲ್ಲ. ಶಾಮಣ್ಣ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಮನೆಯೊಳಗೆ ಸೇರಿಕೊಂಡರು.

ಅಷ್ಟರಲ್ಲಿ ಗೋವಿಂದನಹಳ್ಳಿಯಿಂದ ಪದ್ಮಳ ಫೋನು ಬಂತು. ಗಿರಾಕಿಯ ಸುದ್ದಿ ಅವಳಿಗೂ ಮುಟ್ಟಿತ್ತು.

"ಏನ್ರೀ, ಹೋಯ್ತಾ?"

ಸುಶಮೀಂದ್ರ ಹರಿದ ಪಂಚೆ ಮಡಚಿ ಜಗಲಿ ಮೇಲೆ ಕೂತ. "ಹೋಗ್ತಿತ್ತು ಕಣೆ," ಎಂದ. "ನಾನೇ ಬದುಕಿಸಿಬಿಟ್ಟೆ."



"ಹಾಗಾದ್ರೆ ಅದರ ಜೊತೆಗೇ ಬದುಕ್ಕೊಳ್ಳಿ," ಎಂದು ಪದ್ಮ ಫೋನು ಇಟ್ಟಳು.