ಸಾರಂಗ ಕಾರು ಮತ್ತು ಬೆಟ್ಟಮ್ಮನ ಪಡುವಲ ಗೋಡೆ

೧೯೯೬ನೇ ಇಸವಿಯ ಮಳೆಗೆ ದೇವಲಾಪುರದ ಬೆಟ್ಟಮ್ಮನ ಮನೆಯ ಪಡುವಲ ಗೋಡೆ ಬಿದ್ದದ್ದು ಇಡೀ ಊರಿಗೆ ಗೊತ್ತು. ಆದರೆ ಬಿದ್ದ ಗೋಡೆಗಳ ವಿಶೇಷಾಧಿಕಾರಿಗಳು ಖುದ್ದು ನೋಡುವ ತನಕ ಯಾವ ಗೋಡೆಯೂ ಕಾನೂನಿನ ಪ್ರಕಾರ ಬಿದ್ದಂತಲ್ಲ. ನೋಡುವ ಮೊದಲೇ ಎಬ್ಬಿಸಿದರೆ ಪರಿಹಾರವೂ ಇಲ್ಲ. ಹೀಗಾಗಿ ಬೆಟ್ಟಮ್ಮ ಗೋಡೆ ಇದ್ದ ಕಡೆ ಎರಡು ಹಳೇ ಸೀರೆ ಕಟ್ಟಿ, ನಾಯಿ ನುಗ್ಗದಂತೆ ಒನಕೆ ಅಡ್ಡ ಇಟ್ಟು, ಸಾಹೇಬರ ದಾರಿ ಕಾಯುತ್ತಿದ್ದಳು.

ನಾಗಮಂಗಲದ ಕಚೇರಿಯಿಂದ ಅವಳ ಮನೆಗೆ ಹದಿನಾಲ್ಕು ಕಿಲೋಮೀಟರು. ವಿಶೇಷಾಧಿಕಾರಿ ಮಹದೇವಸ್ವಾಮಿಯವರು ಹೊಚ್ಚ ಹೊಸ ‘ಸಾರಂಗ’ ಕಾರಿನಲ್ಲಿ ಹೊರಟರು. ಒಂಬತ್ತನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಇಂಜಿನ್ನು ನಿಂತಿತು. ಮುಂದಿನ ವಾರವೂ ಅದೇ ಕಲ್ಲು. ಮೂರನೇ ಸಲ ಡ್ರೈವರ್ ಚಿಕ್ಕಮಾದಯ್ಯ ಕಲ್ಲು ಕಾಣುತ್ತಲೇ ಊಟದ ಡಬ್ಬಿ ಕೈಗೆ ತೆಗೆದುಕೊಂಡ.

ಕಂಪನಿಗೆ ಪತ್ರ ಹೋಯಿತು. ಉತ್ತರವೂ ಬಂತು: “ಕೂಲಂಕಷವಾಗಿ ಪರೀಕ್ಷಿಸಲಾಗಿ, ಇಂಜಿನ್ನಿನಲ್ಲಿ ದೋಷವಿರುವುದಿಲ್ಲ. ರಸ್ತೆಯು ಅಗತ್ಯಕ್ಕಿಂತ ಉದ್ದವಾಗಿರುವುದು ಕಂಡುಬಂದಿದೆ.”

ಸಾಹೇಬರಿಗೆ ಸಮಾಧಾನವಾಯಿತು. ಅಂದೇ ಸುತ್ತೋಲೆ ಹೊರಟಿತು: “ಇನ್ನು ಮುಂದೆ ವಾಹನ ನಿಂತ ಸ್ಥಳವನ್ನೇ ಪರಿಶೀಲನಾ ಸ್ಥಳವೆಂದು ಭಾವಿಸತಕ್ಕದ್ದು. ಅರ್ಜಿದಾರರು ತಂತಮ್ಮ ಗೋಡೆಯೊಂದಿಗೆ ಹಾಜರಿರತಕ್ಕದ್ದು.”

ಬೆಟ್ಟಮ್ಮನ ಅಣ್ಣನ ಮಗ ಶಿವಣ್ಣ ಅದನ್ನು ಓದಿ ಹೇಳಿದ. “ಗ್ವಾಡೆನ ಒಂಬತ್ತನೇ ಕಲ್ತಾವ ತಕೊಂಡೋಗ್ಬೇಕಂತೆ ಕಣತ್ತೆ.”

“ಸದ್ಯ, ಬಿದ್ದದೆ,” ಎಂದಳು ಬೆಟ್ಟಮ್ಮ. “ನಿಂತಿದ್ರೆ ಒತ್ಕಂಡೋಗಕ್ಕೆ ಆಗ್ತಿತ್ತೇನ್ಲಾ?”

ಇಟ್ಟಿಗೆಯನ್ನೆಲ್ಲ ಎತ್ತಿನ ಗಾಡಿಗೆ ತುಂಬಿ ಒಂಬತ್ತನೇ ಕಲ್ಲಿಗೆ ತಂದು ಸುರಿದರು. ಸಾಹೇಬರು ಬರಲಿಲ್ಲ. ಶ್ರೀರಂಗಪಟ್ಟಣದ ಷೋರೂಮಿನವರು ಹಳೇ ಕಾರು ಒಯ್ದು ‘ಸಾರಂಗ ಡೀಲಕ್ಸ್’ ಕೊಟ್ಟಿದ್ದರು. ಅದು ಆರನೇ ಕಲ್ಲಿಗೇ ನಿಲ್ಲುತ್ತಿತ್ತು, ಆದರೆ ಟೇಪ್ ರೆಕಾರ್ಡರ್ ಇತ್ತು. ಗೋಡೆ ಆರನೇ ಕಲ್ಲಿಗೆ ಬಂತು. ಅಷ್ಟರಲ್ಲಿ ‘ಸೂಪರ್ ಡೀಲಕ್ಸ್’ ಬಂದು, ಎರಡನೇ ಕಲ್ಲಿನ ಹೋಟೆಲಿನೆದುರು ನಿಂತಿತು. ಕಂಪನಿಯವರಿಗೆ ಸಿಬ್ಬಂದಿಯ ಹಸಿವಿನ ಅರಿವಿದೆಯೆಂದು ಸಾಹೇಬರು ಪ್ರಶಂಸಾಪತ್ರ ಬರೆದರು. ಅದರ ಫಲವಾಗಿ ಆಯುಧಪೂಜೆಯ ಹೊತ್ತಿಗೆ ‘ಸಾರಂಗ ರಾಯಲ್’ ಬಂತು. ಅದಕ್ಕೆ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಕೀಲಿ ತಿರುಗಿಸಿದರು. ಅದು ಸ್ಟಾರ್ಟೇ ಆಗಲಿಲ್ಲ.

ಗೋಡೆ ಕಚೇರಿಯ ಅಂಗಳ ಸೇರಿತು.

“ಮೊದ್ಲಿನ್ ಕಾರಾದ್ರೂ ಒಂಬತ್ ಕಿಲೋಮೀಟ್ರು ಬತ್ತಿತ್ತಲ್ಲಪ್ಪ,” ಎಂದಳು ಬೆಟ್ಟಮ್ಮ, ಬೆನ್ನು ನೀವಿಕೊಳ್ಳುತ್ತ.

“ಅದು ಹಳೇ ಮಾಡಲ್ಲು ಕಣಮ್ಮ,” ಎಂದ ಚಿಕ್ಕಮಾದಯ್ಯ. “ಇದು ದಾರೀಲಿ ಕೈ ಕೊಡಾಕಿಲ್ಲ. ಶೆಡ್ಡಲ್ಲೇ ಕೊಡ್ತದೆ.”

ಹಿಂದಿನ ಸೀಟಿನಲ್ಲಿ ಪ್ರವಾಸದಲ್ಲಿದ್ದ ಸಾಹೇಬರು ಗಾಜು ಇಳಿಸಿದರು. “ಇದು ಇಟ್ಟಿಗೆ ರಾಶಿಯಮ್ಮ. ಗೋಡೆ ಅಂತ ನಾನು ಹೆಂಗೆ ಬರೀಲಿ? ಎಬ್ಬಿಸಿ ತೋರಿಸು.”

ಅತ್ತೆ, ಅಳಿಯ ಮಣ್ಣು ಕಲಸಿ ಮೂರು ದಿನ ದುಡಿದರು. ಗೋಡೆ ಎದ್ದಿತು. ಸಾಹೇಬರು ಕಾರಿನಿಂದಲೇ ಕೂಲಂಕಷವಾಗಿ ನೋಡಿ ವರದಿ ಬರೆದರು: “ಗೋಡೆಯು ಸುಸ್ಥಿತಿಯಲ್ಲಿ ನಿಂತಿದೆ. ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೆ ಮನೆಯು ಗೋಡೆಯಿಂದ ಹದಿನಾಲ್ಕು ಕಿಲೋಮೀಟರು ದೂರ ಸರಿದಿರುವುದು ಗಮನಕ್ಕೆ ಬಂದಿದ್ದು, ಮೂವತ್ತು ದಿನಗಳೊಳಗೆ ಅದನ್ನು ಗೋಡೆಯ ಬಳಿಗೆ ತರತಕ್ಕದ್ದು.”

ಶಿವಣ್ಣ ಅತ್ತೆಯ ಮುಖ ನೋಡಿದ. ಬೆಟ್ಟಮ್ಮ ಗೋಡೆ ನೋಡುತ್ತಿದ್ದಳು. ಮೊದಲಿನದಕ್ಕಿಂತ ನೆಟ್ಟಗೇ ಇತ್ತು.

“ಎತ್ತಿಗೆ ನೀರು ಕುಡ್ಸ್ಲಾ,” ಎಂದಳು. “ಮೊದ್ಲು ಬಾಗ್ಲು ತರಾನ. ಹೆಂಚು ಆಮ್ಯಾಕೆ.”

“ಕಾರು ಆಚೆಗೋಗಕ್ಕೆ ದಾರಿ ಬುಟ್ಟು ಕಟ್ಕಳಮ್ಮ,” ಎಂದ ಚಿಕ್ಕಮಾದಯ್ಯ.

“ಅದು ಎಲ್ಲಿಗಪ್ಪ ಓಯ್ತದೆ?”

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಚಿಕ್ಕಮಾದಯ್ಯ ಬಾನೆಟ್ಟಿನ ಪಕ್ಕಕ್ಕೆ ಹೋಗಿ, ಗಾಳಿ ಬೀಸದ ಜಾಗ ನೋಡಿ, ಒಲೆ ಹೂಡುವುದಕ್ಕೆ ಕಾಲಿನಲ್ಲೇ ಗೆರೆ ಎಳೆದು ತೋರಿಸಿದ. ಸಾಹೇಬರು ಹಿಂದಿನ ಸೀಟಿನಲ್ಲೇ ಕಾಲು ಮೇಲೆತ್ತಿ ಕೂತು ಸಹಕರಿಸಿದರು.