ಅತ್ತೆ ಹೊರಿಸಿದ ಹಳದಿ ಟೋಪಿ

ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದನ್ನು ತಲೆ ಮೇಲೆ ಇಟ್ಟುಕೊಂಡು ಊರೂರು ತಿರುಗುವವರಿಗೆ ದಿನಕ್ಕೊಂದು ಪ್ರಸಂಗ ಆಗುತ್ತಲೇ ಇರುತ್ತದೆ. ಅದರಲ್ಲೂ ಸೈಕಲ್ ತುಳಿಯುವವಳು ಹೆಂಗಸು, ಮೇಲೊಂದು ಹೆಲ್ಮೆಟ್ಟು ಅಂದರೆ ಕೇಳುವುದೇ ಬೇಡ.

ನಾನು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವುದು, ಕೂಸುಗಳಿಗೆ ಸೂಜಿ ಹಾಕುವುದು, ಬಸುರಿಯರಿಗೆ ಮಾತ್ರೆ ಹಂಚುವುದು ನನ್ನ ಕೆಲಸ. ಎಪ್ಪತ್ತರ ದಶಕದಲ್ಲಿ ಜಗಳೂರಿನಲ್ಲಿ ಕೆಲಸಕ್ಕೆ ಸೇರಿದವಳು, ಹೊನ್ನಾಳಿ, ನ್ಯಾಮತಿ ಸುತ್ತಿಕೊಂಡು ಎಂಬತ್ತರ ದಶಕದ ಹೊತ್ತಿಗೆ ಚನ್ನಗಿರಿ ಸೇರಿದೆ. ನಮ್ಮ ಯಜಮಾನರು ಮೇಷ್ಟ್ರು. ನನ್ನ ಹಿಂದೆಯೇ ವರ್ಗ ಮಾಡಿಸಿಕೊಳ್ಳುತ್ತಾ ಬಂದರು, ಒಮ್ಮೊಮ್ಮೆ ಸಿಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಎಲ್ಲಾ ಊರಿಗೂ ತಪ್ಪದೆ ನನ್ನ ಜೊತೆ ಬಂದವರು ಅತ್ತೆ, ಲೇಡೀಸ್ ಸೈಕಲ್ಲು, ಮತ್ತೆ ಆ ಟೋಪಿ.

೧. ಟೋಪಿ ಬಂದ ಬಗೆ

ಜಗಳೂರಿನ ಕಡೆ ರಸ್ತೆ ಅಂದರೆ ಆಗ ಕಲ್ಲು, ಕಲ್ಲಿನ ನಡುವೆ ಸ್ವಲ್ಪ ಮಣ್ಣು. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬರುತ್ತಿದ್ದೆ, ಎದುರಿಗೆ ಕುರಿಹಿಂಡು. ಬೆಲ್ ಹೊಡೆದೆ. ಕುರಿಗಳು ನಿಂತು ನನ್ನನ್ನೇ ನೋಡಿದವು. ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ರಸ್ತೆ ಬದಿಯ ಕಲ್ಲಿಗೆ ತಲೆ ಕೊಟ್ಟೆ. ಕುರಿ ಕಾಯುವವನು ಓಡಿ ಬಂದ. ಬಂದವನು ಮೊದಲು ಮುಂದಿನ ಕುರಿಯ ಕಾಲು ಹಿಡಿದು ನೋಡಿದ, ಆಮೇಲೆ ಅದರ ಹೊಟ್ಟೆ ಸವರಿದ, ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ನನ್ನ ಕಡೆ ತಿರುಗಿ, ನಿಮಗೇನಾರ ಆತೇನ್ರಿ ಅಂತ ಕೇಳಿದ.

ತಲೆಗೆ ಹೊಲಿಗೆ ಬಿತ್ತು. ನೋಡಿಕೊಂಡು ಹೋಗಲು ನಮ್ಮಣ್ಣ ಬಂದ. ಅವನು ಸಂಡೂರಿನ ಕಡೆ ಗಣಿಯಲ್ಲಿ ಕೆಲಸಕ್ಕಿದ್ದ. ಕೆಲಸದಿಂದ ನೇರ ಬಂದಿದ್ದರಿಂದ ಕೈಯಲ್ಲಿ ಗಣಿಯವರು ಹಾಕಿಕೊಳ್ಳುವ ಹಳದಿ ಟೋಪಿ ಇತ್ತು. ಅತ್ತೆ ಅಣ್ಣನಿಗೆ ಕಾಫಿ ಕೊಟ್ಟರು, ಕಣ್ಣು ಮಾತ್ರ ಟೋಪಿ ಮೇಲೆ. ಇದು ಯಾತಕ್ಕೆ ಅಂತ ಕೇಳಿದರು. ಮೇಲಿಂದ ಕಲ್ಲು ಬಿದ್ದರೆ ತಲೆ ಉಳೀಲಿ ಅಂತ, ಎಂದ ಅಣ್ಣ.

"ಕಲ್ಲು ತಲೆ ಮ್ಯಾಲೆ ಬಿದ್ರೂ ಅಷ್ಟೆ, ತಲೆ ಕಲ್ಲಿನ ಮ್ಯಾಲೆ ಬಿದ್ರೂ ಅಷ್ಟೆ. ಇದನ್ನ ಇಲ್ಲೇ ಇಟ್ಟು ಹೋಗಪ್ಪ" ಅಂದರು ಅತ್ತೆ.

ಯಜಮಾನರು ಹೌಹಾರಿದರು. ಸ್ಕೂಟರಿನವರೇ ಹಾಕಿಕೊಳ್ಳಲ್ಲ, ಸೈಕಲ್ಲಿನವರು ಹೆಲ್ಮೆಟ್ ಹಾಕಿಕೊಂಡದ್ದನ್ನ ಈ ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ, ಜನ ನಗ್ತಾರೆ ಅಂತ ವಾದ ಮಾಡಿದರು. ಅತ್ತೆ ಮಗನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ನಗೋರು ನಕ್ಕು ಮನೆಗೆ ಹೋಗ್ತಾರೆ. ಇವಳು ತಲೆ ಒಡ್ಕೊಂಡ್ರೆ ನಿನಗೆ ಇನ್ನೊಂದು ಹೆಣ್ಣು ಹುಡುಕಾಕೆ ಅಲೀಬೇಕಾದಾಕಿ ನಾನು. ನನ್ನ ಮೊಣಕಾಲು ಆಗ್ಲೇ ಹೋಗ್ಯಾವೆ."

ಅವರ ಮೊಣಕಾಲು ಉಳಿಸುವುದಕ್ಕಾಗಿ ನಾನು ಟೋಪಿ ಹಾಕಿಕೊಂಡೆ.

೨. ಒಂದು ಗಳಿಗೆ ಕೂತ್ಕಳ್ರಿ

ಟೋಪಿ ಹಾಕಿಕೊಂಡು ಮೊದಲ ಸಲ ಹೋದ ಊರು ಜಗಳೂರಿನಿಂದ ಅಷ್ಟೇನೂ ದೂರವಿರಲಿಲ್ಲ. ಹೊರಡುವಾಗ ಅತ್ತೆ ಟೋಪಿಗೆ ಕುಂಕುಮ ಹಚ್ಚಿ, ಮುತ್ತೈದೆ ಬೋಳುತಲೆಯಲ್ಲಿ ಹೋಗಬಾರದೆಂದು ಅದರ ಪಟ್ಟಿಗೆ ಕನಕಾಂಬರದ ದಂಡೆ ಸಿಕ್ಕಿಸಿದ್ದರು. ಊರ ಬಾಗಿಲಲ್ಲೇ ಹಿರಿಯರು ಎದ್ದು ನಿಂತರು. ಯಾವತ್ತೂ ಇಲ್ಲದ ಮರ್ಯಾದೆ. ಮಂಡಕ್ಕಿ ಬಂತು, ಚಾ ಬಂತು. ಸೂಜಿ ಹಾಕಬೇಕು, ಕೂಸುಗಳನ್ನ ಕರೆಸ್ರಿ ಅಂದೆ. ಅದೆಲ್ಲ ಆಮ್ಯಾಲೆ ಆಗ್ತೈತೆ, ಮೊದ್ಲು ಹೊಲಕ್ಕೆ ಬರ್ರಿ ಅಂದರು.

ಹೊಲಕ್ಕೆ ಯಾಕೆ ಅಂದರೆ, ಆ ವರ್ಷಗಳಲ್ಲಿ ಅಲ್ಲೆಲ್ಲ ಕೊಳವೆಬಾವಿ ಕೊರೆಯುವ ಲಾರಿಗಳು ಆಗಷ್ಟೇ ಓಡಾಡಲು ಶುರುವಾಗಿದ್ದವು. ಅದರ ಜೊತೆ ಬರುವವರೆಲ್ಲ ಇಂಥದೇ ಟೋಪಿಯವರು. ನೀರು ಎಲ್ಲಿದೆ ಅಂತ ತೋರಿಸಲು ಸರ್ಕಾರ ಈ ಸಲ ಹೆಣ್ಣುಮಗಳನ್ನ ಕಳಿಸಿದೆ ಅಂತ ಅವರು ತಿಳಿದುಕೊಂಡಿದ್ದರು. ಅಲ್ಲ ಅಂತ ಎಷ್ಟು ಹೇಳಿದರೂ, ಸಾಹೇಬ್ರು ಮೊದಮೊದ್ಲು ಹಂಗೇ ಅಂತಾರೆ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬಿಸಿಲಲ್ಲಿ ನಡೆದು ನಡೆದು ನನಗೆ ಸಾಕಾಯಿತು. ಒಂದು ಬೇವಿನ ಮರದ ಬುಡದಲ್ಲಿ ಕೂತು, ನನ್ನ ಕೈಲಿ ಇನ್ನು ಆಗಲ್ಲ ಅಂದೆ.

ಅವರು ಅಲ್ಲೇ ಒಂದು ಗೂಟ ಹೊಡೆದರು. ಆಮೇಲೆ ಕೂಸುಗಳಿಗೆ ಸೂಜಿ ಹಾಕಿಸಿದರು, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

ಬೇಸಿಗೆ ಕಳೆಯುವುದರೊಳಗೆ ಸುದ್ದಿ ಬಂತು. ಗೂಟ ಹೊಡೆದ ಕಡೆಯೇ ಕೊರೆಸಿದ್ದಾರೆ, ನೀರು ಬಂದಿದೆ. ನನಗೆ ನಂಬುವುದೋ ನಗುವುದೋ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಆ ಸುತ್ತಿನ ಯಾವ ಊರಿಗೆ ಹೋದರೂ ಕೂಸುಗಳನ್ನ ತೊಳೆದು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನನಗೆ ಕುರ್ಚಿಯನ್ನೂ ಹಾಕುತ್ತಿದ್ದರು. ಕುರ್ಚಿ ಮಾತ್ರ ಮನೆಯಲ್ಲಿ ಅಲ್ಲ, ಹೊಲದಲ್ಲಿ. "ಸುಮ್ನೆ ಒಂದು ಗಳಿಗೆ ಕೂತ್ಕಳ್ರಿ ಅಕ್ಕಾರೆ" ಅನ್ನುತ್ತಿದ್ದರು. ಕೂತು ಎದ್ದ ಕೂಡಲೇ ಹಿಂದಿನಿಂದ ಗೂಟ ಬಡಿಯುವ ಸದ್ದು.

೩. ಪೇದೆಯ ಹಲ್ಲುನೋವು

ಹೊನ್ನಾಳಿಗೆ ಬಂದಾಗ ಅಲ್ಲೊಬ್ಬ ಪೊಲೀಸ್ ಪೇದೆ ಇದ್ದ. ಸೈಕಲ್ಲಿಗೆ ಲೈಟಿಲ್ಲದವರು, ಡಬಲ್ ಸವಾರಿ ಹೋಗುವವರು ಯಾರೇ ಸಿಕ್ಕರೂ ಬಿಡುತ್ತಿರಲಿಲ್ಲ. ನನ್ನನ್ನು ಕಂಡು ಕೈ ಅಡ್ಡ ಹಿಡಿದ. ಟೋಪಿ ಯಾವ ಇಲಾಖೆಯದು ಅಂತ ಕೇಳಿದ. ನಮ್ಮತ್ತೆಯದು ಅಂದೆ. ಸೈಕಲ್ ಮೇಲೆ ಇದನ್ನ ಹಾಕಿಕೊಳ್ಳಲು ಪರ್ಮಿಷನ್ ಐತಾ ಅಂದ. ಬೇಡ ಅಂತ ಕಾನೂನು ಇದ್ದರೆ ತೋರಿಸ್ರಿ ಅಂದೆ. ಅವನು ಯೋಚನೆಗೆ ಬಿದ್ದು ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ.

ಸಬ್ ಇನ್ಸ್‌ಪೆಕ್ಟರು ಒಳ್ಳೆಯವರು. ಹಾಕಿಕೊಂಡರೂ ಕೇಸಿಲ್ಲ, ಹಾಕಿಕೊಳ್ಳದಿದ್ದರೂ ಕೇಸಿಲ್ಲ, ನರ್ಸಮ್ಮನ್ನ ಬಿಟ್ಟು ಕಳಿಸಯ್ಯ ಅಂದರು. ಪೇದೆಗೆ ಸಮಾಧಾನವಾಗಲಿಲ್ಲ. ಆಮೇಲೆ ಎಲ್ಲಿ ಸಿಕ್ಕರೂ ನನ್ನ ತಲೆಯನ್ನು ಕೇಸಿಲ್ಲದ ಕಳ್ಳನನ್ನು ನೋಡುವಂತೆ ನೋಡುತ್ತಿದ್ದ.

ಆಷಾಢದ ಗಾಳಿ. ತುಂಗಭದ್ರೆಯ ಸೇತುವೆ ಮೇಲೆ ಇಬ್ಬರೂ ಎದುರುಬದುರಾದೆವು, ಅವನೂ ಸೈಕಲ್ಲಿನಲ್ಲೇ ಇದ್ದ. ಗಾಳಿ ಒಂದು ಸಲ ಜೋರಾಗಿ ಬೀಸಿತು ನೋಡಿ, ಅವನ ಸರ್ಕಾರಿ ಟೋಪಿ ಎದ್ದು ಸೇತುವೆಯ ಕಂಬಿ ದಾಟಿ ಹೊಳೆಗೆ ಬಿತ್ತು. ನೀರಿನ ಮೇಲೆ ತೇಲಿಕೊಂಡು ಹರಿಹರದ ಕಡೆ ಹೊರಟಿತು. ಅವನು ಕಂಬಿ ಹಿಡಿದು ಅದು ಕಣ್ಣಿಂದ ಮರೆಯಾಗುವವರೆಗೂ ನೋಡಿದ. ನನ್ನ ಟೋಪಿ ಇದ್ದಲ್ಲೇ ಇತ್ತು. ಅವನ ದನಿ ಮೊದಲ ಸಲ ಮೆತ್ತಗಾಯಿತು. "ಅಕ್ಕಾರೆ, ನಿಮ್ಮದು ಹೆಂಗೆ ನಿಂತೈತೆ?"

ಗಲ್ಲದ ಕೆಳಗಿನ ಪಟ್ಟಿ ತೋರಿಸಿದೆ. ಪಾಪ ಅನ್ನಿಸಿತು. ಹೊಸ ಟೋಪಿ ಬಂದಾಗ ಕಟ್ಟಿಕೊಳ್ಳಲಿ ಅಂತ ಚೀಲದಿಂದ ಒಂದು ಉದ್ದ ಬ್ಯಾಂಡೇಜ್ ಬಟ್ಟೆ ತೆಗೆದು ಕೊಟ್ಟೆ. ಹೊಸ ಟೋಪಿ ಬಂದ ದಿನ ಅವನು ಆ ಬಟ್ಟೆಯನ್ನು ಟೋಪಿ ಮೇಲಿಂದ ಗಲ್ಲದ ಕೆಳಗೆ ಬಿಗಿಯಾಗಿ ಸುತ್ತಿ, ಕಿವಿ ಹತ್ತಿರ ಗಂಟು ಹಾಕಿಕೊಂಡು ಪರೇಡಿಗೆ ನಿಂತನಂತೆ. ಸಬ್ ಇನ್ಸ್‌ಪೆಕ್ಟರು ಅವನ ಮುಂದೆ ಬಂದು ನಿಂತು, ಒಂದು ಕ್ಷಣ ನೋಡಿ, ಮರುಗಿದರಂತೆ.

"ಹಲ್ಲುನೋವು ಅಂತ ಮೊದ್ಲೇ ಹೇಳಬಾರ್ದೇನಯ್ಯ? ಹೋಗು, ಕೀಳಿಸ್ಕೊಂಡು ಬಾ."

೪. ಬಾಣಂತಿಯ ಹಕ್ಕು

ನ್ಯಾಮತಿಯ ಬಾಡಿಗೆ ಮನೆಯಲ್ಲಿ ಒಂದು ಬೆಳಿಗ್ಗೆ ಟೋಪಿ ತೆಗೆದುಕೊಳ್ಳಲು ಹೋದರೆ ಒಳಗೊಂದು ಬೆಕ್ಕು ಮಲಗಿದೆ, ಅದರ ಮಗ್ಗುಲಲ್ಲಿ ಕಣ್ಣು ಬಿಡದ ಮರಿಗಳು. ಹೆರಿಗೆ ಮಾಡಿಸುವವರ ಮನೆಯನ್ನೇ ಹುಡುಕಿಕೊಂಡು ಬಂದಿದೆ ಅಂತ ಅತ್ತೆಗೆ ಸಂಭ್ರಮ. ಬಾಣಂತಿಯನ್ನ ಎಬ್ಬಿಸಬಾರದು ಅಂತ ಅಪ್ಪಣೆಯಾಯಿತು. ಹಾಗಾದರೆ ಬರೀ ತಲೆಯಲ್ಲಿ ಹೋಗುತ್ತೇನೆ ಅಂದೆ, ಒಳಗೊಳಗೇ ಖುಷಿಯಿಂದ. ಅದೂ ಆಗದು ಅಂತ ಮಗನ ಪಂಚೆ ತೆಗೆದು, ನಾಲ್ಕು ಸುತ್ತು ಹಾಕಿ, ನನ್ನ ತಲೆಗೆ ಗಟ್ಟಿಯಾದ ರುಮಾಲು ಸುತ್ತಿದರು.

ಆವತ್ತು ನನಗೆ ಸವಳಂಗದ ಕಡೆ ಕೆಲಸ. ಅಲ್ಲೊಂದು ಜಗುಲಿಯ ಮೇಲೆ ಕಣ್ಣಿಗೆ ಪೊರೆ ಬಂದ ಅಜ್ಜ ಕೂತಿದ್ದ. ರುಮಾಲು ಮಸುಕಾಗಿ ಕಂಡಿರಬೇಕು. "ಬರ್ರಿ ಗೌಡ್ರೆ, ಕುಂದರ್ರಿ" ಅಂದ. ನಾನು ದಣಿದಿದ್ದೆ, ಕೂತೆ. ಅಜ್ಜ ಮಾತು ತೆಗೆದ. ಈ ಕಡೆ ಯಾವಾಕೆಯೋ ಒಬ್ಬ ನರ್ಸಮ್ಮ ಬಂದಿದ್ದಾಳೆ, ತಲೆ ಮೇಲೆ ಬೋಗುಣಿ ಕವುಚಿಕೊಂಡು ಸೈಕಲ್ ತುಳೀತಾಳೆ, ಅವಳನ್ನ ನೋಡಿ ನಮ್ಮ ಮನೆ ಸೊಸೆ ಈಗ ತನಗೂ ಸೈಕಲ್ ಬೇಕು ಅಂತ ಕೂತಿದ್ದಾಳೆ, ಕಾಲ ಕೆಟ್ಟೋಯ್ತು ಅಂದ. ನಾನು ದನಿ ದಪ್ಪ ಮಾಡಿಕೊಂಡು, ಕೊಡಿಸಬೇಕಪ್ಪ ಅಂದೆ.

"ಸೈಕಲ್ ಕೊಡಿಸ್ಬೋದು ಗೌಡ್ರೆ. ಆ ಬೋಗುಣಿ ಎಲ್ಲಿಂದ ತರಾಣ? ಅದು ತಲೆ ಮ್ಯಾಲೆ ಇಲ್ದಿದ್ರೆ ಹೆಂಗಸ್ರಿಗೆ ಸೈಕಲ್ ಓಡಲ್ಲವಂತೆ."

ಅಷ್ಟರಲ್ಲಿ ಸೊಸೆ ನೀರು ತಂದಳು. ನನ್ನನ್ನು ನೋಡಿ ಚೊಂಬು ಹಿಡಿದು ನಿಂತೇಬಿಟ್ಟಳು. ಇದೇನ್ರಿ ನರ್ಸಮ್ಮಾರೆ, ಹಿಂಗೆ ರುಮಾಲು ಸುತ್ತಿಕೊಂಡು ಬಂದಿದೀರಿ ಅಂದಳು. ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಅಜ್ಜ ಮಾತ್ರ ಒಂದಿಷ್ಟೂ ಅಳುಕದೆ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: "ಅದಕ್ಕೇ ಅನ್ಕೊಂಡೆ, ಗೌಡ್ರಿಗೆ ಯಾಕೋ ನೆಗಡಿ ಆಗೈತೆ ಅಂತ."

೫. ಎರಡು ತೆಂಗಿನಕಾಯಿ

ಚನ್ನಗಿರಿಯಲ್ಲಿ ಆದದ್ದು ಶುರುವಾಗಿದ್ದು ನಗುವಿನಿಂದಲ್ಲ. ದಿನಾ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹಾಲು ಹಾಕಲು ಬರುತ್ತಿದ್ದವನೊಬ್ಬ ಬಸ್ಸಿಗೆ ದಾರಿ ಬಿಡಲು ಹೋಗಿ ಬಿದ್ದ. ಮೈಗೆ ಗಾಯವಿಲ್ಲ, ತಲೆಗೆ ಪೆಟ್ಟು. ಎಚ್ಚರ ಬಂದ ಮೇಲೂ ಹೆಂಡತಿಯ ಗುರುತು ಹಿಡಿಯಲಿಲ್ಲ. ಆಕೆ ಹಾಸಿಗೆಯ ಪಕ್ಕ ಕೂತು ಅವನ ದನಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಅವನು ಅವಳ ಮುಖ ನೋಡಿ, ಗೌರಿಗೆ ಹುಲ್ಲು ಹಾಕಿದ್ಯಾ ಅಂದ. ಗೌರಿ ಅಂದರೆ ಎಮ್ಮೆ. ಎಮ್ಮೆ ಮೊದಲು ನೆನಪಿಗೆ ಬಂತಲ್ಲ ಅಂತ ಆಕೆ ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೇ ಆಯಿತು.

ನಮ್ಮ ಡಾಕ್ಟರು ಆವತ್ತೇ ತೀರ್ಮಾನ ಮಾಡಿದರು. ಊರಿನ ಸೈಕಲ್ಲಿನವರಿಗೆಲ್ಲ ಹೆಲ್ಮೆಟ್ ಬೇಕೋ ಬೇಡವೋ ಅನ್ನುವುದನ್ನ ಕಣ್ಣಿಗೆ ಕಾಣುವ ಹಾಗೆ ತೋರಿಸಿಬಿಡುತ್ತೇನೆ ಅಂದರು. ಸಂತೆಯ ದಿನ ಆಸ್ಪತ್ರೆ ಮುಂದೆ ಜನ ಸೇರಿದರು. ಹಾಲಿನವರು, ಪೇಪರ್ ಹಾಕುವವರು, ಅಡಿಕೆ ಮಂಡಿಯ ಗುಮಾಸ್ತರು. ಎಲ್ಲರಿಗಿಂತ ಮುಂದೆ ಸೈಕಲ್ ಶಾಪಿನ ಸಾಹುಕಾರ. ಟೋಪಿ ಹಾಕಿಕೊಂಡರೆ ಹಾರ್ನ್ ಕೇಳಲ್ಲ, ಕೂದಲು ಉದುರುತ್ತೆ, ನಮ್ಮಪ್ಪ ಸಾಯೋವರೆಗೂ ಬರೀ ತಲೆಯಲ್ಲೇ ತುಳಿದ ಅಂತ ಅವನ ವಾದ. ಜನ ಅವನ ಕಡೆಗೇ ಇದ್ದರು.

ಡಾಕ್ಟರು ಎರಡು ತೆಂಗಿನಕಾಯಿ ತರಿಸಿದ್ದರು. ಇದು ಬರೀ ತಲೆ, ಇದು ಹೆಲ್ಮೆಟ್ ಹಾಕಿದ ತಲೆ ಅಂತ ಹೇಳಿ, ಒಂದರ ಮೇಲೆ ನನ್ನ ಹಳದಿ ಟೋಪಿ ಕವುಚಿದರು. ಆಸ್ಪತ್ರೆಯ ಜವಾನನ ಕೈಗೆ ಒನಕೆ ಕೊಟ್ಟರು. ಜವಾನ ಆಳು ಗಟ್ಟಿ. ಬರೀ ಕಾಯಿಗೆ ಹಾಕಿದ ಏಟಿಗೆ ಅದು ಟಣ್ ಅಂತ ಹಾರಿ, ಅಂಗಳದಲ್ಲಿ ಉರುಳಿ ಸಾಹುಕಾರನ ಕಾಲ ಬಳಿ ನಿಂತಿತು. ಸೀಳು ಕೂಡ ಬಿಟ್ಟಿರಲಿಲ್ಲ. ಆಮೇಲೆ ಟೋಪಿಯ ಮೇಲೆ ಏಟು ಬಿತ್ತು. ಟೋಪಿ ಒಡೆಯಲಿಲ್ಲ. ಅದರ ಕೆಳಗಿಂದ ತೆಳ್ಳಗೆ ಕಾಯಿನೀರು ಹರಿದು ಡಾಕ್ಟರ ಬೂಟಿನವರೆಗೆ ಬಂತು.

ಜನ ನಕ್ಕರು ನೋಡಿ, ಸಂತೆಯಲ್ಲಿದ್ದವರೂ ಬುಟ್ಟಿ ಬಿಟ್ಟು ಓಡಿ ಬಂದರು. ಅಂದ್ರೆ ಟೋಪಿ ಹಾಕ್ಕೊಂಡ್ರೇನೇ ತಲೆ ಒಡೆಯೋದು, ನೀವೇ ತೋರಿಸಿಬಿಟ್ರಲ್ರೀ ಅಂದ ಸಾಹುಕಾರ. ಪಟ್ಟಿ ಕಟ್ಟಿರಲಿಲ್ಲ, ಕಾಯಿ ಸಣ್ಣದು, ಟೋಪಿ ದೊಡ್ಡದು ಅಂತ ಡಾಕ್ಟರು ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ. ಹಾಲಿನವನ ಹೆಂಡತಿ ಒಂದು ಮೂಲೆಯಲ್ಲಿ ನಿಂತಿದ್ದಳು. ಅವಳೊಬ್ಬಳೇ ನಗದೇ ಇದ್ದದ್ದು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮೊಣಕಾಲಿನ ಔಷಧಿಗೆ ಬಂದಿದ್ದ ನಮ್ಮತ್ತೆ ಬೆಂಚಿನಿಂದ ಎದ್ದರು. ನಿಧಾನಕ್ಕೆ ಅಂಗಳಕ್ಕೆ ಇಳಿದು, ಒಡೆಯದೆ ಉಳಿದಿದ್ದ ಕಾಯಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೊಂದು ಸಲ ಅಲ್ಲಾಡಿಸಿದರು. ಇದನ್ನ ಒಡಿ ಅಂತ ಜವಾನನಿಗೆ ಕೊಟ್ಟರು. ಅವನು ಕಲ್ಲುಮೆಟ್ಟಿಲಿಗೆ ಬಡಿದು ಬಡಿದು ಅಂತೂ ಹೋಳು ಮಾಡಿದ. ಒಳಗೆ ನೀರಿಲ್ಲ, ತಿರುಳಿಲ್ಲ, ಒಂದಿಷ್ಟು ಕಪ್ಪು ಬೂಷ್ಟು. ಬರೀ ಬುರುಡೆ.

ಅತ್ತೆ ಎರಡು ಹೋಳನ್ನೂ ಜನರಿಗೆ ಎತ್ತಿ ತೋರಿಸಿದರು. "ಒಳಗೆ ಏನಾರ ಇರೋ ತಲೆ ಒಡೀತೈತೆ. ಅಂಥೋರು ಹಾಕ್ಕಳ್ಳಲಿ. ಏನೂ ಇಲ್ದೋರು ಹಂಗೇ ಹೋಗ್ಬೋದು, ಅವರಿಗೆ ಏನೂ ಆಗಲ್ಲ."

ಹಾಲಿನವನ ಹೆಂಡತಿ ಈಗ ನಕ್ಕಳು, ಸೆರಗು ಬಾಯಿಗೆ ಹಿಡಿದು. ಗುಮಾಸ್ತರು ಮೆಲ್ಲಗೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅವತ್ತು ಸಂಜೆ ಚನ್ನಗಿರಿಯಲ್ಲಿ ಬರೀ ತಲೆಯಲ್ಲಿ ಸೈಕಲ್ ಹತ್ತಲು ಗಂಡಸರಿಗೆ ಒಂಥರಾ ಮುಜುಗರ. ಕೆಲವರು ತಳ್ಳಿಕೊಂಡೇ ಮನೆಗೆ ಹೋದರು.

ಮಾರನೆಯ ದಿನ ನಮ್ಮ ಹಿತ್ತಲ ಬಾಗಿಲು ಸದ್ದಾಯಿತು. ನೋಡಿದರೆ ಸೈಕಲ್ ಶಾಪಿನ ಸಾಹುಕಾರ. ಮುಂಬಾಗಿಲಿಂದ ಬಂದರೆ ಯಾರಾದರೂ ನೋಡುತ್ತಾರೆ ಅಂತ ಹಿಂದಿನಿಂದ ಬಂದಿದ್ದ. ಮನೆಯಲ್ಲಿ ಹೆಂಡತಿ ಕೇಳುವ ಪ್ರಶ್ನೆಗೆ ಉತ್ತರ ಕೊಡಲು ಆಗುತ್ತಿಲ್ಲ, ಅಂಥದೇ ಟೋಪಿ ತನಗೂ ಒಂದು ತರಿಸಿಕೊಡಬೇಕು ಅಂತ ಅತ್ತೆಯನ್ನು ಬೇಡಿಕೊಂಡ. ಅತ್ತೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಹತ್ತಿರ ಬಾ ಅಂತ ಕೈ ಮಾಡಿದರು.

"ತರಿಸ್ಕೊಡಾಣಂತೆ. ಮೊದ್ಲು ಬಗ್ಗಪ್ಪ, ಅಲ್ಲಾಡ್ಸಿ ನೋಡ್ತೀನಿ."